ಠಾಣೆಯೂ ನಮ್ಮ ನುಡಿಯೂ
(ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ಪೊಲೀಸರಿಗೂ ಪ್ರಜೆಗಳಿಗೂ ನಡುವೆ ಇರಬೇಕಾದ ವಿಶ್ವಾಸವನ್ನು ಕುರಿತು ನಾಲ್ಕು ಮಾತನಾಡಬೇಕೆಂದು ಕಾರ್ಯದರ್ಶಿಗಳು ಅಪ್ಪಣೆಯಿತ್ತಿದ್ದಾರೆ. ಠಾಣೆಯೆಂದೊಡನೆ ನಮ್ಮವರ ಎದೆ ಅಳುಕುವುದು ಇಂದು ನಿನ್ನೆಯ ಮಾತಲ್ಲ. ಕಾಸರಗೋಡು ಅಂದು ಸೇರಿದ್ದ ಮದ್ರಾಸು ಪ್ರಾಂತದಲ್ಲಿ 1859ರಲ್ಲಿಯೂ, ಬ್ರಿಟಿಷರ ಇತರ ಪ್ರಾಂತಗಳಿಗೆಂದು 1861ರಲ್ಲಿಯೂ ಪೊಲೀಸ್ ಕಾಯಿದೆಗಳಾದುವು. ಪರಕೀಯ ಸರಕಾರಕ್ಕೆ ತನ್ನ ಭದ್ರತೆಯೇ ಮೊದಲ ಚಿಂತೆಯಾಗಿದ್ದಿತು. ಪ್ರಜೆಯ ಯೋಗಕ್ಷೇಮ ಆಮೇಲಿನದು.

ಈ ಅಳುಕನ್ನು ಕಳೆಯಲು ಕೇರಳ ಪೊಲೀಸರು 2008ರಲ್ಲಿ ‘ಜನಮೈತ್ರಿ ಸುರಕ್ಷಾ’ ಯೋಜನೆಯನ್ನು ಆರಂಭಿಸಿದರು. ಬೀಟಿನ ಪೊಲೀಸರು ಮನೆಮನೆಗೆ ಹೋಗಿ ಪರಿಚಯ ಬೆಳೆಸಬೇಕು. ಠಾಣೆಗೊಂದು ನಾಗರಿಕ ಸಮಿತಿಯಿರಬೇಕು. 2011ರ ಕೇರಳ ಪೊಲೀಸ್ ಕಾಯಿದೆ ಇಂತಹ ಸಮಿತಿಗೆ ಕಾನೂನಿನ ಬಲವನ್ನಿತ್ತಿತು. ಸ್ತುತ್ಯವಾದ ಕಾರ್ಯ. ಆದರೆ ಮೈತ್ರಿಗೆ ಮಾತು ಬೇಡವೇ?

ಮುದುಕಿಯೊಬ್ಬಳ ಅಂಗಳದಿಂದ ಅಡಿಕೆ ಕಳವಾಯಿತೆನ್ನಿ. ಆಕೆ ಕನ್ನಡದಲ್ಲಿ ಹೇಳುತ್ತಾಳೆ. ಕಾಗದವು ಮಲಯಾಳದಲ್ಲಿ ಸಿದ್ಧವಾಗುತ್ತದೆ. ತೋರಿಸಿದೆಡೆ ರುಜು ಹಾಕಿ ಬರುತ್ತಾಳೆ. ಬರೆದವರು ಸಜ್ಜನರೇ ಇರಬಹುದು. ಆದರೂ ‘ಅವನಿದ್ದಿರಬಹುದು’ ಎಂದುದು ಕಾಗದದಲ್ಲಿ ‘ಅವನಿದ್ದನು’ ಎಂದಾದರೆ ನೆರೆಮನೆಯವನ ಗತಿಯೇನು? ನಾಳೆ ನ್ಯಾಯಾಲಯದಲ್ಲಿ ಸುಳ್ಳುಗಾತಿ ಎನಿಸಿಕೊಳ್ಳುವವಳು ಯಾರು?

ಕಾನೂನು ಇದನ್ನು ಅರಿಯದೆ ಇಲ್ಲ. ಬಾಯಿಮಾತಿನ ದೂರನ್ನು ಬರೆದುಕೊಂಡ ಬಳಿಕ ದೂರುದಾರರಿಗೆ ಓದಿ ಹೇಳಬೇಕು, ದಾಖಲಾದುದರ ಪ್ರತಿಯನ್ನು ಉಚಿತವಾಗಿ ಕೊಡಬೇಕು ಎಂಬ ಹಳೆಯ ನಿಯಮ, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಕಲಮಿನಲ್ಲಿಯೂ ಉಳಿದಿದೆ. ತಿಳಿಯದ ಭಾಷೆಯಲ್ಲಿ ಓದಿದರೆ ಓದಿದಂತಾಯಿತೇ? ಅಲ್ಪಸಂಖ್ಯಾತ ಪ್ರದೇಶಗಳ ಸ್ಥಳೀಯ ಕಚೇರಿಗಳೊಡನೆ ಕನ್ನಡಿಗರು ಕನ್ನಡದಲ್ಲಿಯೇ ಪತ್ರವ್ಯವಹಾರ ಮಾಡಬಹುದು, ಉತ್ತರವೂ ಕನ್ನಡದಲ್ಲಿರಬೇಕು ಎಂದು 1969ರ ಕೇರಳ ರಾಜ್ಯಭಾಷಾ ಕಾಯಿದೆ ಹೇಳುತ್ತದೆ. ಸಂವಿಧಾನದ 350ನೆಯ ವಿಧಿಯ ಆಸರೆಯೂ ಇದೆ. ಇಷ್ಟಿದ್ದೂ ನಾವು ಕೇಳುವುದಿಲ್ಲ. ಯಾರಾದರೂ ಪುಢಾರಿಯನ್ನು ಹಿಂದಿಟ್ಟುಕೊಂಡು ಠಾಣೆಗೆ ಹೋಗುತ್ತೇವೆ. ಅಲ್ಲಿಂದಾಚೆಗೆ ಮಾತು ಪುಢಾರಿಯದು, ರುಜು ಮಾತ್ರ ನಮ್ಮದು!

ದಕ್ಷಿಣದ ಜಿಲ್ಲೆಯಿಂದ ವರ್ಗವಾಗಿ ಬಂದ ಪೊಲೀಸಿನವರ ಕಷ್ಟವನ್ನೂ ನೆನೆಯೋಣ. ಕನ್ನಡವೂ ತುಳುವೂ ಅವರಿಗೆ ಹೊಸತು. ಅವರನ್ನು ದೂಷಿಸಿ ಫಲವಿಲ್ಲ.

ನನ್ನದೊಂದು ಸೂಚನೆ. ನಮ್ಮ ಪ್ರದೇಶದ ಪ್ರತಿಯೊಂದು ಜನಮೈತ್ರಿ ಸಮಿತಿಯಲ್ಲಿಯೂ ಎರಡು ಭಾಷೆಗಳನ್ನು ಬಲ್ಲ ಒಬ್ಬರಾದರೂ ಇರುವಂತೆ ಸಂಘವು ಹೆಸರುಗಳನ್ನು ಕಳುಹಿಸಲಿ. ನಿವೃತ್ತರಾದ ಅಧ್ಯಾಪಕರು ಈ ಸಭೆಯಲ್ಲಿಯೇ ಹಲವರಿದ್ದಾರೆ. ಇಂದು ಸಭೆ ಮುಗಿಯುವ ಮುನ್ನ ಕಾರ್ಯದರ್ಶಿಗಳಲ್ಲಿ ತಮ್ಮ ಹೆಸರನ್ನು ಬರೆಯಿಸಬೇಕೆಂದು ಅವರಲ್ಲಿ ವಿನಂತಿಸುತ್ತೇನೆ.