ಓದಿ ನೋಡಿ, ಆಮೇಲೆ ಸಹಿ



ಎಲ್ಲರೂ ಬಂದಿರಾ? ಹಿಂದೆ ಕೂತವರು ಸ್ವಲ್ಪ ಮುಂದೆ ಬನ್ನಿ. ಪುಸ್ತಕದ ಪಾಠ ಆಮೇಲೆ ನೋಡೋಣ. ಮೊದಲು ಒಂದು ಮಾತು ಆಡುವುದಿದೆ. ಇದು ನಮ್ಮ ತಪ್ಪಿನ ಮಾತೂ ಹೌದು.

ನಮ್ಮ ಕಲಿಕಾ ಕೇಂದ್ರಕ್ಕೆ ಒಬ್ಬ ಅಕ್ಕ ಬರುತ್ತಿದ್ದರು. ಮದ್ದೂರು ಕಡೆಯವರು. ನಾಲ್ಕು ವರ್ಷದಿಂದ ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಕೆಲಸ. ಮೊದಲು ಸಂಬಳದ ಪುಸ್ತಕಕ್ಕೆ ಹೆಬ್ಬೆಟ್ಟು ಒತ್ತುತ್ತಿದ್ದರು. ಅದು ಅವರಿಗೆ ನಾಚಿಕೆ. ನಾವು ಕೈ ಹಿಡಿದು ಸಹಿ ಕಲಿಸಿದೆವು. ಕಲಿತ ದಿನ ಅವರ ಸಂತೋಷ ನೋಡಬೇಕಿತ್ತು! ಮನೆಯ ಗೋಡೆಯ ಮೇಲೂ ಸೀಮೆಸುಣ್ಣದಲ್ಲಿ ಹೆಸರು ಬರೆದಿದ್ದರು.

2022ರ ಅಕ್ಟೋಬರ್. ಒಂದು ಸಂಜೆ ಬಸ್ಸಿನ ಹೊತ್ತಿಗೆ ಮೊದಲೇ ಅಕ್ಕ ಕೇಂದ್ರಕ್ಕೆ ಬಂದರು. ಮುಖ ಬಾಡಿತ್ತು.

“ಮೇಷ್ಟ್ರೇ, ಕೆಲ್ಸ ಹೋಯ್ತು. ಕಳ್ಳಿ ಅಂದ್ಬುಟ್ರು.”

ನಡೆದದ್ದು ಇಷ್ಟು. ಟಾರ್ಗೆಟ್ ಮುಗಿದಿಲ್ಲ ಎಂದು ಸೂಪರ್‌ವೈಸರ್ ಬೈದರು. ಅಕ್ಕ ಎದುರು ಮಾತಾಡಿದರು. ಎರಡು ದಿನ ಕಳೆಯಿತು. ಎರಡು ಶರ್ಟು ಲೆಕ್ಕಕ್ಕೆ ಸಿಗಲಿಲ್ಲ, ಇವಳೇ ತೆಗೆದದ್ದು ಎಂದರು. ಗೇಟಿನಲ್ಲಿ ಚೀಲ ನೋಡಿದರು. ಏನೂ ಸಿಗಲಿಲ್ಲ. ಆದರೂ ಆಫೀಸಿಗೆ ಕರೆದು ಒಂದು ಕಾಗದ ಮುಂದಿಟ್ಟರು. “ಸೈನ್ ಹಾಕಮ್ಮ, ಪೊಲೀಸು ಗಿಲೀಸು ಬೇಡ, ಲೆಕ್ಕ ಚುಕ್ತಾ ಮಾಡ್ತೀವಿ” ಎಂದರು.

ಅಕ್ಕ ಸಹಿ ಹಾಕಿದರು. ಗುಂಡಗೆ, ಚೆನ್ನಾಗಿ, ನಾವು ಕಲಿಸಿದ ಹಾಗೇ.

ಕಾಗದದ ಜೆರಾಕ್ಸು ಅವರ ಊಟದ ಚೀಲದಲ್ಲಿತ್ತು. ಇಂಗ್ಲಿಷಿನಲ್ಲಿತ್ತು. ನಾವು ಓದಿ ಹೇಳಿದೆವು. “ನಾನು ಎರಡು ಶರ್ಟು ತೆಗೆದದ್ದು ನಿಜ. ತಪ್ಪು ಒಪ್ಪಿದ್ದೇನೆ. ನಾನಾಗಿಯೇ ಕೆಲಸ ಬಿಡುತ್ತಿದ್ದೇನೆ” ಎಂದಿತ್ತು. ಅಕ್ಕ ನೆಲದ ಮೇಲೆ ಕೂತುಬಿಟ್ಟರು. ನಮಗೂ ಮಾತು ಹೊರಡಲಿಲ್ಲ. ಹೆಬ್ಬೆಟ್ಟು ಒತ್ತುತ್ತಿದ್ದ ಕಾಲದಲ್ಲಿ ಅವರು “ಏನ್ ಬರ್ದೈತೆ?” ಎಂದು ಕೇಳುತ್ತಿದ್ದರಂತೆ. ಸಹಿ ಬಂದ ಮೇಲೆ ಕೇಳಲು ನಾಚಿಕೆಯಾಯಿತಂತೆ. ನಾವು ಸಹಿ ಕಲಿಸಿದ್ದೆವು. ಕೇಳುವುದನ್ನು ಕಲಿಸಿರಲಿಲ್ಲ.

ಈಗ ಹಣದ ಮಾತಿಗೆ ಬರೋಣ. ಗಾರ್ಮೆಂಟ್ಸ್‌ಗೆ ಹೋಗುವವರು ಸಂಬಳದ ಚೀಟಿ ತೆಗೆದು ನೋಡಿ. ಇ.ಎಸ್.ಐ. ಎಂದು ಹಣ ಹಿಡಿದಿರುತ್ತಾರೆ. 2019ರ ಜುಲೈಯಿಂದ 10,000 ರೂಪಾಯಿ ಸಂಬಳಕ್ಕೆ ನಮ್ಮದು 75 ರೂಪಾಯಿ, ಮಾಲೀಕರದು 325 ರೂಪಾಯಿ. ಇ.ಎಸ್.ಐ. ಎಂದರೆ ಆಸ್ಪತ್ರೆ ಎಂದೇ ನಾವೆಲ್ಲ ತಿಳಿದಿದ್ದೇವೆ. ಅಷ್ಟೇ ಅಲ್ಲ. 2018ರ ಜುಲೈಯಲ್ಲಿ ಅದರಲ್ಲಿ ಒಂದು ಯೋಜನೆ ಬಂತು. ಹೆಸರು ಉದ್ದ - ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆ. ಬೀಮಿತ್ ವ್ಯಕ್ತಿ ಎಂದರೆ ವಿಮೆ ಇರುವವರು. ಕೆಲಸ ಹೋದರೆ ಅವರಿಗೆ ಸ್ವಲ್ಪ ದಿನ ಭತ್ಯೆ ಕೊಡುತ್ತಾರೆ. ಮೊದಲು ದಿನದ ಸರಾಸರಿ ಕೂಲಿಯಲ್ಲಿ ಕಾಲು ಭಾಗ ಇತ್ತು. ಕೊರೊನಾ ಬಂದ 2020ರಲ್ಲಿ ಅರ್ಧ ಮಾಡಿದರು. ಹೆಚ್ಚೆಂದರೆ 90 ದಿನ. ಜೀವನದಲ್ಲಿ ಒಂದೇ ಸಲ.

ಲೆಕ್ಕ ಹಾಕಿ ನೋಡೋಣ. ದಿನಕ್ಕೆ 400 ರೂಪಾಯಿ ಕೂಲಿ. ಅದರ ಅರ್ಧ 200. ತೊಂಬತ್ತು ದಿನಕ್ಕೆ ಎಷ್ಟಾಯಿತು? 18,000. ಸಂಘದ ಸಾಲದ ಕಂತು ತಲೆಯ ಮೇಲೆ ಇರುವವರಿಗೆ ಇದು ಸಣ್ಣ ದುಡ್ಡೇ?

ನಾವು ಅಕ್ಕನ ಜೊತೆ ಇ.ಎಸ್.ಐ. ಶಾಖಾ ಕಚೇರಿಗೆ ಹೋದೆವು. ಆಧಾರ್ ಇತ್ತು, ಬ್ಯಾಂಕ್ ಪಾಸ್‌ಬುಕ್ ಇತ್ತು. ಎರಡು ವರ್ಷದ ಮೇಲೆ ವಿಮೆ ಇತ್ತು. ಆರು ತಿಂಗಳ ಅವಧಿಯಲ್ಲಿ 78 ದಿನ ವಂತಿಗೆ ಕಟ್ಟಿರಬೇಕು ಎಂಬ ನಿಯಮವೂ ಸರಿಹೋಯಿತು. ಗುಮಾಸ್ತರು ಆ ಜೆರಾಕ್ಸು ನೋಡಿದರು. “ತಪ್ಪಿಗೆ ಶಿಕ್ಷೆಯಾಗಿ ಕೆಲಸ ಹೋದವರಿಗೆ ಇದು ಬರೋಲ್ಲ. ತಾವಾಗಿ ಬಿಟ್ಟವರಿಗೂ ಬರೋಲ್ಲ” ಎಂದರು.

ನೋಡಿದಿರಾ? ಒಂದೇ ಸಹಿ. ಎರಡು ಬಾಗಿಲು ಮುಚ್ಚಿತು.

ನಮಗೆ ಗುಮಾಸ್ತರ ಮೇಲೆ ಸಿಟ್ಟು ಬಂತು. ಆಮೇಲೆ ತಿಳಿಯಿತು, ಅವರು ಹೇಳಿದ್ದು ನಿಯಮ. ದಾರಿ ತೋರಿಸಿದವರೂ ಅವರೇ. “ಮೊದಲು ಲೇಬರ್ ಆಫೀಸಿಗೆ ಹೋಗಿ. ಆ ಕಾರಣ ಸರಿ ಮಾಡಿಸ್ಕೊಂಡು ಬನ್ನಿ” ಎಂದರು.

ಇಲ್ಲಿ ಒಂದು ವಿಷಯ ಚೆನ್ನಾಗಿ ತಿಳಿಯಬೇಕು. ಆರೋಪ ಬೇರೆ, ತಪ್ಪು ರುಜುವಾತಾಗುವುದು ಬೇರೆ. ತಪ್ಪು ಮಾಡಿದಿರಿ ಎಂದು ತೆಗೆಯಬೇಕಾದರೆ ಮೊದಲು ಆರೋಪ ಪತ್ರ ಕೊಡಬೇಕು. ಉತ್ತರ ಬರೆಯಲು ಸಮಯ ಕೊಡಬೇಕು. ವಿಚಾರಣೆ ಮಾಡಬೇಕು. ಸಾಕ್ಷಿ ಹೇಳುವವರನ್ನು ನಾವು ಪ್ರಶ್ನೆ ಕೇಳಬಹುದು. ನಿಜವಾಗಿ ಕದ್ದು, ಅದು ರುಜುವಾತಾದರೆ ಭತ್ಯೆ ಇಲ್ಲ. ಅದನ್ನು ಕೊಡಿಸಿ ಎಂದು ನಾವೂ ಕೇಳುವುದಿಲ್ಲ. ಆದರೆ ಆಗಲೂ ದುಡಿದ ದಿನದ ಕೂಲಿ ಕೊಡಲೇಬೇಕು. ಪಿ.ಎಫ್.ನಲ್ಲಿ ಕೂಡಿಟ್ಟ ನಮ್ಮ ಹಣ ನಮ್ಮದೇ.

ಅಕ್ಕ ಕಾರ್ಮಿಕ ಅಧಿಕಾರಿಗೆ ದೂರು ಬರೆದರು. ನಾವು ಬರೆದುಕೊಡುತ್ತೇವೆ ಎಂದೆವು. “ಬ್ಯಾಡಿ ಮೇಷ್ಟ್ರೇ, ನೀವು ಹೇಳಿ, ನಾನೇ ಬರೀತೀನಿ” ಎಂದರು. ಒಂದು ಪುಟ ಬರೆಯಲು ಎರಡು ಸಂಜೆ ಹಿಡಿಯಿತು. ಒತ್ತಕ್ಷರ ಬಂದಲ್ಲೆಲ್ಲ ಪೆನ್ಸಿಲು ನಿಲ್ಲುತ್ತಿತ್ತು. ಕೊಟ್ಟ ದೂರಿಗೆ ಸೀಲು ಹಾಕಿಸಿ ಒಂದು ಪ್ರತಿ ಇಟ್ಟುಕೊಂಡೆವು.

ಮೊದಲ ದಿನ ಕಾರ್ಖಾನೆಯವರು ಬರಲೇ ಇಲ್ಲ. ಎರಡನೇ ಸಲ ದಿನ ಮುಂದಕ್ಕೆ ಹಾಕಿಸಿದರು. ಬಸ್ ಚಾರ್ಜು ನಮ್ಮದು, ಹೋದ ಕೂಲಿ ಅಕ್ಕನದು. ಮೂರನೇ ಸಲ ಬಂದರು. ಅಧಿಕಾರಿ ಕೇಳಿದರು: ಆರೋಪ ಪತ್ರ ಎಲ್ಲಿ? ವಿಚಾರಣೆಯ ಕಡತ ಎಲ್ಲಿ? ಎರಡೂ ಇರಲಿಲ್ಲ. ಇದ್ದದ್ದು ಆ ಇಂಗ್ಲಿಷ್ ಕಾಗದ ಒಂದೇ. ಅದರಲ್ಲಿ ಏನಿದೆ ಎಂದು ಅಕ್ಕನಿಗೆ ಓದಿ ಹೇಳಿದವರು ಯಾರು ಎಂದು ಕೇಳಿದರು. ಯಾರೂ ಬಾಯಿ ಬಿಡಲಿಲ್ಲ.

ಕೊನೆಗೆ ರಾಜಿ ಆಯಿತು. ಕಳ್ಳತನದ ಮಾತು ಕೈಬಿಟ್ಟರು. ಜನ ಕಡಿಮೆ ಮಾಡಲು ತೆಗೆದದ್ದು ಎಂದು ಬರೆದರು. ಒಂದು ತಿಂಗಳ ನೋಟಿಸ್ ಸಂಬಳ ಕೊಟ್ಟರು. ವರ್ಷಕ್ಕೆ 15 ದಿನದ ಕೂಲಿಯಂತೆ ಪರಿಹಾರ ಕೊಟ್ಟರು. ಕಂಪ್ಯೂಟರಿನಲ್ಲೂ ಕಾರಣ ತಿದ್ದಿದರು. ಆಮೇಲೆ ಇ.ಎಸ್.ಐ. ಭತ್ಯೆ ಅಕ್ಕನ ಖಾತೆಗೆ ಬಂತು.

ಕೆಲಸ ವಾಪಸ್ಸು ಬರಲಿಲ್ಲ. ಕೋರ್ಟಿಗೆ ಹೋಗಿದ್ದರೆ ಬರುತ್ತಿತ್ತೋ ಏನೋ. ಆದರೆ ಸಾಲದ ಕಂತು ಕೋರ್ಟಿನ ದಿನಕ್ಕೆ ಕಾಯುವುದಿಲ್ಲ. ಇದು ಪೂರ್ತಿ ನ್ಯಾಯ ಎಂದು ನಾವು ಹೇಳುವುದಿಲ್ಲ. ಅಕ್ಕನೂ ಹೇಳುವುದಿಲ್ಲ. “ಕಳ್ಳಿ ಅನ್ನೋ ಮಾತು ಅಳಿಸ್ತಲ್ಲ, ಅದು ದೊಡ್ದು” ಎನ್ನುತ್ತಾರೆ.

ಇನ್ನೊಂದು ಮಾತು ಮರೆಯಬೇಡಿ. ಈ ಭತ್ಯೆಯ ಯೋಜನೆಗೆ ಗಡುವು ಇಟ್ಟು, ಆಗಾಗ ಮುಂದುವರಿಸುತ್ತಾ ಬಂದಿದ್ದಾರೆ. ನಾವು ಹೇಳಿದ್ದು 2022ರ ನಿಯಮ. ಕೆಲಸ ಹೋದ ಕೂಡಲೇ ಶಾಖಾ ಕಚೇರಿಗೆ ಹೋಗಿ ಇವತ್ತಿನ ನಿಯಮ ಕೇಳಿ. ಕೆಲಸದಿಂದ ತೆಗೆದದ್ದರ ಮೇಲೆ ನ್ಯಾಯಮಂಡಳಿಗೆ ಹೋಗಲು ಮೊದಲು ಮೂರು ವರ್ಷ ಸಮಯ ಇತ್ತು. 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆ ಜಾರಿಗೆ ಬಂತು. ಅದರಲ್ಲಿ ಎರಡೇ ವರ್ಷ. ನಾಳೆ ನೋಡೋಣ ಎಂದು ಕೂರಬೇಡಿ.

ಸರಿ, ಈಗ ಸ್ಲೇಟು ತೆಗೆಯಿರಿ. ಇವತ್ತಿನ ಬರವಣಿಗೆಯ ಪಾಠ ಬೋರ್ಡಿನ ಮೇಲಿದೆ. ಇದನ್ನು ಬರೆದುಕೊಟ್ಟವರು ಆ ಅಕ್ಕನೇ. ಒಂದೊಂದೇ ಪದ ಓದಿ, ಆಮೇಲೆ ಬರೆಯಿರಿ:

“ಈ ಕಾಗದ ನನಗೆ ಓದಲು ಬರುವುದಿಲ್ಲ. ಕನ್ನಡದಲ್ಲಿ ಕೊಡಿ. ಮನೆಗೆ ಒಯ್ದು, ಓದಿಸಿ ಕೇಳಿ, ನಾಳೆ ಉತ್ತರ ಕೊಡುತ್ತೇನೆ.”