ಎಂಜಿನ್ ಎಷ್ಟು ಉಸಿರಾಡುತ್ತದೆ?

(ಸಂಘದ ವಿದ್ಯಾರ್ಥಿಗಳ ಮುಂದೆ ನೀಡಿದ ಉಪನ್ಯಾಸದ ಲಿಖಿತ ರೂಪ)



ಧೂಳೆಬ್ಬಿಸಿ ಹೋಗುವ ಲಾರಿಯ ಹಿಂದೆ ನಡೆಯುವಾಗ ನೀವು ಮೂಗಿಗೆ ಕರವಸ್ತ್ರ ಹಿಡಿಯುತ್ತೀರಿ. ಅದನ್ನೇ ನಾಲ್ಕು ಮಡಿಕೆ ಮಾಡಿ ಹಿಡಿದು ಗುಡ್ಡ ಹತ್ತಿ ನೋಡಿ. ಧೂಳು ಬರುವುದಿಲ್ಲ, ನಿಜ, ಉಸಿರೂ ಬರುವುದಿಲ್ಲ. ಏರ್ ಫಿಲ್ಟರಿನ ಸಮಸ್ಯೆ ಇದೇ. ಕಾರಿನ ಎಳೆತ ಕಡಿಮೆಯಾದರೆ ರಸ್ತೆಬದಿಗೆ ನಿಲ್ಲಿಸಬಹುದು. ಆಗತಾನೇ ನೆಲ ಬಿಟ್ಟ ವಿಮಾನವನ್ನು ಎಲ್ಲಿ ನಿಲ್ಲಿಸುವುದು?

ನಾನು ಹೇಳಹೊರಟಿರುವುದು ವ್ಯಾಂಕೆಲ್ ರೋಟರಿ ಎಂಜಿನ್ ಕುರಿತು. 1914-18ರ ಮಹಾಯುದ್ಧದ ವಿಮಾನಗಳಲ್ಲೂ ರೋಟರಿ ಎಂಬ ಹೆಸರಿನ ಎಂಜಿನ್ ಇತ್ತು. ಅದರಲ್ಲಿ ಸಿಲಿಂಡರುಗಳೇ ಪ್ರೊಪೆಲ್ಲರ್ ಜೊತೆ ಗಿರಗಿರನೆ ತಿರುಗುತ್ತಿದ್ದವು. ಅದು ಬೇರೆಯೇ ಜಾತಿ. ಜರ್ಮನಿಯ ಫೆಲಿಕ್ಸ್ ವ್ಯಾಂಕೆಲ್ ರೂಪಿಸಿದ ಎಂಜಿನ್ ಮೊದಲು ಓಡಿದ್ದು 1957ರಲ್ಲಿ. ಅದರಲ್ಲಿ ಪಿಸ್ಟನ್ ಇಲ್ಲ. ಉಬ್ಬಿದ ತ್ರಿಕೋನದಂಥ ರೋಟರ್ ಇದೆ. ಜಪಾನಿನ ಮಜ್ದಾ ಕಂಪನಿ ಕಾರಿಗಾಗಿ ಮಾಡಿದ 13ಬಿ ಎಂಬ ಇಂಥ ಎಂಜಿನನ್ನು ಅಮೆರಿಕದಲ್ಲಿ ಸ್ವಂತ ವಿಮಾನ ಕಟ್ಟಿಕೊಳ್ಳುವ ಹವ್ಯಾಸಿಗಳು ಬಳಸುತ್ತಾ ಬಂದಿದ್ದಾರೆ. ನಮಗೂ ಇದು ದೂರದ ಮಾತಲ್ಲ. ಭಾರತದಲ್ಲೇ ರೂಪುಗೊಂಡ ವ್ಯಾಂಕೆಲ್ ಎಂಜಿನ್ ಹೊತ್ತ ‘ನಿಶಾಂತ್’ ಪೈಲಟ್‌ರಹಿತ ವಿಮಾನ 2009ರಲ್ಲಿ ಕೋಲಾರದಲ್ಲಿ ಹಾರಿತು.

13ಬಿ ಎಂಜಿನ್ 1.3 ಲೀಟರಿನದೆಂದು ಬರೆದಿರುತ್ತಾರೆ. ಜನ ಮೋಸ ಹೋಗುವುದು ಇಲ್ಲಿಯೇ. ಎರಡು ರೋಟರುಗಳು, ಒಂದೊಂದಕ್ಕೂ ಮೂರು ಮುಖ, ಪ್ರತಿ ಮುಖ ಒಂದು ಸಲ ಒಳಗೆಳೆಯುವ ಗಾಳಿ 654 ಸಿ.ಸಿ. ರೋಟರ್ ಒಂದು ಸುತ್ತು ಬರುವಷ್ಟರಲ್ಲಿ ಶಾಫ್ಟ್ ಮೂರು ಸುತ್ತು ತಿರುಗುತ್ತದೆ. ಅಂದರೆ ಶಾಫ್ಟಿನ ಪ್ರತಿ ಸುತ್ತಿಗೂ ಒಂದೊಂದು ರೋಟರ್ ಒಂದೊಂದು ಉಸಿರು ಎಳೆಯುತ್ತದೆ. ಎರಡೂ ಸೇರಿ 1,308 ಸಿ.ಸಿ. ನಿಮ್ಮ ಬೈಕಿನ ಫೋರ್ ಸ್ಟ್ರೋಕ್ ಎಂಜಿನ್ ಉಸಿರೆಳೆಯುವುದು ಎರಡು ಸುತ್ತಿಗೆ ಒಮ್ಮೆ ಮಾತ್ರ. ಆದ್ದರಿಂದ ಗಾಳಿಯ ಲೆಕ್ಕದಲ್ಲಿ 13ಬಿ ಎಂಬುದು 2.6 ಲೀಟರಿನ ಫೋರ್ ಸ್ಟ್ರೋಕ್ ಎಂಜಿನ್ನಿಗೆ ಸಮ. ನಿಮಿಷಕ್ಕೆ 6,000 ಸುತ್ತಿನಲ್ಲಿ ಕೋಣೆಗಳು ಪೂರ್ತಿ ತುಂಬುತ್ತವೆಂದು ಹಿಡಿದರೆ ಸೆಕೆಂಡಿಗೆ ಸುಮಾರು 131 ಲೀಟರ್ ಗಾಳಿ ಬೇಕು. ಎರಡು ಇಂಚು ವ್ಯಾಸದ ಕೊಳವೆಯಲ್ಲಿ ಇಷ್ಟು ಗಾಳಿ ಹೋಗಬೇಕಾದರೆ ಅದು ಸೆಕೆಂಡಿಗೆ ಸುಮಾರು 65 ಮೀಟರ್ ವೇಗದಲ್ಲಿ ನುಗ್ಗಬೇಕು. ಮೂರು ಇಂಚಿನದಾದರೆ 29 ಮೀಟರ್ ಸಾಕು.

ಫಿಲ್ಟರ್ ತಯಾರಿಸುವ ಕೆ ಅಂಡ್ ಎನ್ ಕಂಪನಿಯ ಸೂತ್ರವೊಂದಿದೆ. ಫೋರ್ ಸ್ಟ್ರೋಕ್ ಎಂಜಿನ್ನಿನ ಗಾತ್ರವನ್ನು ಘನ ಇಂಚಿನಲ್ಲಿ ಬರೆದು, ನಿಮಿಷದ ಸುತ್ತುಗಳಿಂದ ಗುಣಿಸಿ, 20,839ರಿಂದ ಭಾಗಿಸಿ. ಸಿಗುವುದು ಫಿಲ್ಟರಿಗೆ ಕನಿಷ್ಠ ಬೇಕಾದ ಚದರ ಇಂಚುಗಳು. 1.3 ಲೀಟರ್ ಎಂದರೆ 80 ಘನ ಇಂಚು; ಉತ್ತರ 23. ಸರಿಯಾಗಿ 160 ಎಂದು ಹಿಡಿದರೆ 46. ಐದು ಇಂಚು ವ್ಯಾಸದ ದುಂಡು ಫಿಲ್ಟರಿಗೆ 46ನ್ನು ಸುತ್ತಳತೆಯಿಂದ ಭಾಗಿಸಿ, ಎರಡು ತುದಿಯ ರಬ್ಬರಿಗೆಂದು ಮುಕ್ಕಾಲು ಇಂಚು ಸೇರಿಸಿದರೆ ಎತ್ತರ ಸುಮಾರು 3.7 ಇಂಚು. ಇದು ಕನಿಷ್ಠ, ಅದೂ ಶುಚಿಯಾದ ಫಿಲ್ಟರಿಗೆ. ನನ್ನನ್ನು ಕೇಳಿದರೆ ಜಾಗವಿರುವಷ್ಟು ದೊಡ್ಡದನ್ನೇ ಹಾಕಬೇಕು.

ಹಾರಾಟದಲ್ಲಿ ಎದುರುಗಾಳಿಯೇ ಒಳಗೆ ತಳ್ಳುವುದಿಲ್ಲವೇ ಎಂದು ನೀವು ಕೇಳಬಹುದು. ತಳ್ಳುತ್ತದೆ. 100 ನಾಟ್ ವೇಗದಲ್ಲಿ ಹೆಚ್ಚೆಂದರೆ ಆರೂವರೆ ಇಂಚು ನೀರಿನಷ್ಟು ಒತ್ತಡ ದೊರೆಯುತ್ತದೆ. ಆದರೆ ರನ್‌ವೇಯಲ್ಲಿ ಓಟ ಶುರುವಾಗುವಾಗ, ಎಂಜಿನ್ ಪೂರ್ಣ ಶಕ್ತಿ ಕೊಡಬೇಕಾದ ಹೊತ್ತಿನಲ್ಲಿ, ಈ ಸಹಾಯ ಸೊನ್ನೆ. ಆಗ ಫಿಲ್ಟರ್ 13.6 ಇಂಚು ನೀರಿನಷ್ಟು, ಅಂದರೆ ಒಂದು ಇಂಚು ಪಾದರಸದಷ್ಟು ಒತ್ತಡ ನುಂಗಿದರೆ ಸುಮಾರು ಮೂವತ್ತರಲ್ಲಿ ಒಂದು ಪಾಲು ಶಕ್ತಿ ಹೋಯಿತು.

ಹಾಗಾದರೆ ಫಿಲ್ಟರನ್ನೇ ತೆಗೆದುಬಿಡೋಣ ಎನ್ನುವವರೂ ಇದ್ದಾರೆ. ರೋಟರಿನ ಮೂರು ತುದಿಗಳಲ್ಲಿರುವ ಸೀಲುಗಳು ಸದಾ ಗೋಡೆಗೆ ಉಜ್ಜುತ್ತಲೇ ಇರುತ್ತವೆ. ಮಣ್ಣಿನ ಕಣ ಸಿಕ್ಕಿಕೊಂಡರೆ ಎರಡೂ ಸವೆಯುತ್ತವೆ. ಫಿಲ್ಟರ್ ಬೇಕೇ ಬೇಕು. ಅದು ಮಂಜಿನಿಂದಲೋ ಕಸದಿಂದಲೋ ಕಟ್ಟಿಕೊಂಡರೆ ಪೈಲಟ್ ತೆರೆಯಬಲ್ಲ ಬದಲಿ ಗಾಳಿಬಾಗಿಲೂ ಇರಬೇಕು.

ಲೆಕ್ಕ ಸರಿಯಿದೆಯೇ ಎಂದು ನೋಡಲು ದುಬಾರಿ ಉಪಕರಣ ಬೇಡ. ಯು ಆಕಾರದ ಪ್ಲಾಸ್ಟಿಕ್ ನಳಿಕೆಯಲ್ಲಿ ನೀರು ಹಾಕಿ, ಒಂದು ತುದಿಯನ್ನು ಫಿಲ್ಟರಿನ ಹಿಂದಿನ ಕೊಳವೆಗೆ ಜೋಡಿಸಿ, ಇನ್ನೊಂದನ್ನು ಬಯಲಿಗೆ ಬಿಡಿ. ವಿಮಾನವನ್ನು ಭದ್ರವಾಗಿ ಕಟ್ಟಿ ಪೂರ್ಣ ವೇಗದಲ್ಲಿ ಓಡಿಸಿದಾಗ ನೀರಿನ ಎರಡು ಮಟ್ಟಗಳ ಅಂತರವೇ ನಷ್ಟ.

ಮನೆಯಲ್ಲಿ ಮಾಡಲು ಒಂದು ಲೆಕ್ಕ ಕೊಡುತ್ತೇನೆ. 654 ಸಿ.ಸಿ.ಯ ಒಂದೇ ರೋಟರ್, ನಿಮಿಷಕ್ಕೆ 6,000 ಸುತ್ತು, ಫಿಲ್ಟರಿನ ವ್ಯಾಸ ನಾಲ್ಕು ಇಂಚು. ಕನಿಷ್ಠ ಎತ್ತರ ಸುಮಾರು 2.6 ಇಂಚು ಬರಬೇಕು. 1.7 ಬಂದರೆ ಎಲ್ಲಿ ತಪ್ಪಿದಿರಿ ಎಂಬುದು ನಿಮಗೇ ತಿಳಿಯುತ್ತದೆ.