ಗಂಟೆ ಲೆಕ್ಕದ ಸಂಬಳ
(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತು)



ನಾನು ಪೈಲಟ್‌ಗಳ ಡ್ಯೂಟಿ ಲೆಕ್ಕ ಹಾಕುವ ಸಾಫ್ಟ್‌ವೇರ್ ಬರೆಯುವವನು. ಅದು ಗೊತ್ತಾಗಿ ಬೆಳಿಗ್ಗೆ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಕೇಳಿದಳು: "ಸಾರ್, ಪೈಲಟ್‌ಗೆ ಸಂಬಳ ಎಷ್ಟು?"

2003ರಲ್ಲಿ ಇದೇ ಶಾಲೆಯಲ್ಲಿ ನಾನೂ ಅದನ್ನೇ ಕೇಳಿದ್ದೆ. ಆ ವರ್ಷ ಪಕ್ಕದ ಹಾಸನ ಜಿಲ್ಲೆಯ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಏರ್ ಡೆಕ್ಕನ್ ಶುರು ಮಾಡಿ, ಸಣ್ಣ ಎ.ಟಿ.ಆರ್. ವಿಮಾನಗಳನ್ನು ಹುಬ್ಬಳ್ಳಿಯಂಥ ಊರಿಗೂ ಹಾರಿಸಿದರು.

ಅದಕ್ಕೂ ಹಿಂದೆ, 1953ರಿಂದ ಸುಮಾರು ನಾಲ್ಕು ದಶಕ ದೇಶದೊಳಗಿನ ವಿಮಾನಯಾನ ಸರ್ಕಾರದ್ದೇ. ಸಂಬಳವೂ ಸರ್ಕಾರಿ ಸಂಸ್ಥೆಯದ್ದೇ. ಖಾಸಗಿ ಕಂಪನಿಗಳು ಹೆಚ್ಚಿದಂತೆ ಪೈಲಟ್‌ಗಳು ಸಾಲದೆ ಸಂಬಳ ಏರಿತು. ಕಂಪನಿಯಿಂದ ಕಂಪನಿಗೆ ಜಿಗಿಯುವವರನ್ನು ತಡೆಯಲು 2005ರಲ್ಲಿ ಆರು ತಿಂಗಳ ನೋಟಿಸ್ ಕಡ್ಡಾಯವಾಯಿತು. ಆದರೆ 2008ರ ಕುಸಿತದಲ್ಲಿ ಲೈಸೆನ್ಸ್ ಇದ್ದವರಿಗೂ ಕೆಲಸವಿಲ್ಲ. ಏರ್ ಡೆಕ್ಕನ್ ಕೊಂಡಿದ್ದ ಕಿಂಗ್‌ಫಿಷರ್ 2012ರಲ್ಲಿ ತಿಂಗಳುಗಟ್ಟಲೆ ಸಂಬಳ ಬಾಕಿ ಉಳಿಸಿ ನಿಂತೇಹೋಯಿತು. 2020ರ ಕೊರೋನಾದಲ್ಲಿ ವಿಮಾನಗಳೇ ನಿಂತವು. ಪೈಲಟ್ ಸಂಬಳದ ದೊಡ್ಡ ಪಾಲು ಹಾರಿದ ಗಂಟೆಗಳ ಲೆಕ್ಕ. ನಮ್ಮ ಹಣ್ಣು ಕುಯ್ಲಿನ ಕೆ.ಜಿ. ಲೆಕ್ಕದ ಹಾಗೆ. ಹಾರದಿದ್ದರೆ ಆ ಪಾಲು ಇಲ್ಲ.

ಪಿ.ಯು.ಸಿ. ಮುಗಿದಾಗ ತೋಟ ಅಡವಿಡಲು ನಾನು ಹಟ ಹಿಡಿದೆ. ಅಪ್ಪ ಒಪ್ಪಲಿಲ್ಲ. "1994ರಲ್ಲಿ ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಕಾಫಿ ರೇಟು ಏರಿತು. ಅದು ಹಾಗೇ ಇರುತ್ತೆ ಅಂತ ಸಾಲ ಮಾಡಿದವರ ಗತಿ ಏನಾಯ್ತು, ನೋಡಿದ್ದೀಯಲ್ಲ" ಅಂದರು. ಎರಡು ವರ್ಷ ಅವರ ಜೊತೆ ಸರಿಯಾಗಿ ಮಾತಾಡಲಿಲ್ಲ ನಾನು.

ನನ್ನ ಸಹಪಾಠಿ ಹೋದ. ಲೈಸೆನ್ಸ್ ಸಿಕ್ಕಿದ್ದು 2008ರ ಕೊನೆಗೆ. ನಾಲ್ಕು ವರ್ಷ ಕಾದ. ಅರ್ಧ ತೋಟ ಬಡ್ಡಿಗೆ ಹೋಯಿತು. ಈಗ ಅವನು ಕ್ಯಾಪ್ಟನ್, ಸಂಬಳ ನನಗಿಂತ ಬಹಳ ಹೆಚ್ಚು. ಆ ಅರ್ಧ ತೋಟ ಮಾತ್ರ ವಾಪಸ್ ಬರಲಿಲ್ಲ.

ಹಾಗಾದರೆ ಹೋಗಬೇಡ ಎನ್ನಲೇ ಮಗಳೇ? ಇಲ್ಲ, ಹೋಗು. ಗಣಿತ, ಭೌತಶಾಸ್ತ್ರ ಚೆನ್ನಾಗಿ ಓದು. ಲೈಸೆನ್ಸಿಗೆ 200 ಗಂಟೆ ಹಾರಾಟ ಬೇಕು. ಆಮೇಲೆ ಒಂದೊಂದು ಬಗೆಯ ವಿಮಾನಕ್ಕೂ ಬೇರೆ ತರಬೇತಿ, ಬೇರೆ ಖರ್ಚು. ಅಪ್ಪ ಅಮ್ಮಂದಿರೇ, ಫೀಸಿನ ಜೊತೆಗೆ ಕೆಲಸವಿಲ್ಲದೆ ಕಾಯುವ ಮೂರ್ನಾಲ್ಕು ವರ್ಷಗಳನ್ನೂ ಲೆಕ್ಕಕ್ಕೆ ಹಿಡಿಯಿರಿ. ಒಳ್ಳೆಯ ವರ್ಷದ ರೇಟು ನೋಡಿ ಇಡೀ ತೋಟ ಅಡವಿಡಬೇಡಿ.

ಈ ಮಾತನ್ನು ಅಪ್ಪ ಇದ್ದಾಗಲೇ ಒಪ್ಪಿಕೊಂಡಿದ್ದರೆ ಚೆನ್ನಾಗಿತ್ತು. ಇವತ್ತು ನಿಮ್ಮೆದುರು ಒಪ್ಪಿಕೊಳ್ಳುತ್ತಿದ್ದೇನೆ.